ಪೆರುವಿಗೆ ಅಪ್ಪ ಅಮ್ಮನ ಜೊತೆ ಹೊರಟಿದ್ದೇವೆ, ಹೋಗಿ ಬಂದವರು ದಾರಿ ಹೇಳಿ

ಶಿರಸಿ ಮಗಳು:

ಎಲ್ಲರಿಗೂ ನಮಸ್ಕಾರ. ನಾವಿರೋದು ನ್ಯೂಜೆರ್ಸಿಯಲ್ಲಿ. ಏಪ್ರಿಲ್‌ನಲ್ಲಿ ಊರಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಅಪ್ಪನಿಗೆ 67, ಅಮ್ಮನಿಗೆ 61. ಅಪ್ಪ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿದ್ದವರು. ಪೆರುವಿನ ಹಳೆಯ ಇಂಕಾ ಜನ ಗಾಡಿ ಚಕ್ರ ಇಲ್ಲದೆ, ಕಬ್ಬಿಣದ ಉಳಿ ಇಲ್ಲದೆ ಅಂಥ ಗೋಡೆ ಕಟ್ಟಿದ್ದನ್ನು ಎಷ್ಟೋ ವರ್ಷ ಮಕ್ಕಳಿಗೆ ಹೇಳಿದ್ದಾರೆ, ತಾವು ಮಾತ್ರ ಫೋಟೋದಲ್ಲಿ ನೋಡಿದ್ದಷ್ಟೇ. ಈ ಸಲ ತೋರಿಸಲೇಬೇಕು ಅಂತ ಮೇ ಕೊನೆಯಲ್ಲಿ 9 ದಿನ ರಜೆ ಹಾಕಿದ್ದೇವೆ.

ಇಲ್ಲಿನ ಒಬ್ಬ ಏಜೆಂಟ್ ಕೊಟ್ಟ ಪ್ಲಾನ್ ಹೀಗಿದೆ. ಮೊದಲ ದಿನ ಲೀಮಾ. ಎರಡನೇ ದಿನ ವಿಮಾನದಲ್ಲಿ ಕುಸ್ಕೋ, ಮಧ್ಯಾಹ್ನವೇ ಊರು ಸುತ್ತೋದು. ಮೂರನೇ ದಿನ ಬೆಳಗಿನ ಜಾವ ಎದ್ದು ಬೆಟ್ಟದ ಮೇಲಿನ ಇಂಕಾ ಊರು ಮಾಚು ಪಿಚು ನೋಡಿ ರಾತ್ರಿ ವಾಪಸ್. ನಾಲ್ಕನೇ ದಿನ ಆ ಬಣ್ಣದ ಬೆಟ್ಟ ವಿನಿಕುಂಕಾ. ಆಮೇಲೆ ಇನ್ನೂ ಏನೇನೋ. ಓದಿದರೇ ನನಗೆ ಸುಸ್ತಾಗುತ್ತಿದೆ. ಅಪ್ಪನಿಗೆ ಬಿಪಿ ಇದೆ, ಮಾತ್ರೆಯಲ್ಲಿ ಹತೋಟಿಯಲ್ಲಿದೆ. ಇಬ್ಬರೂ ದಿನಾ ನಾಲ್ಕು ಕಿಲೋಮೀಟರ್ ನಡೆಯುತ್ತಾರೆ, ಆದರೆ ಇಷ್ಟು ಎತ್ತರಕ್ಕೆ ಯಾವತ್ತೂ ಹೋದವರಲ್ಲ.

ಊಟದ ವಿಷಯ ಇನ್ನೊಂದು. ಅಪ್ಪ, ಅಮ್ಮ, ನಾನು ಸಸ್ಯಾಹಾರಿಗಳು, ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ನಮ್ಮವರು ಮೀನು ತಿನ್ನುತ್ತಾರೆ. ನೆಂಟರೆಲ್ಲ ಬ್ರೆಡ್ಡು ಬಾಳೆಹಣ್ಣೇ ಗತಿ, ಅವಲಕ್ಕಿ ಕಟ್ಟಿಕೊಂಡು ಹೋಗಿ ಅನ್ನುತ್ತಿದ್ದಾರೆ. ಒಂದು ಡಬ್ಬಿ ಉಪ್ಪಿನಕಾಯಿ ಹೇಗೂ ಇರುತ್ತದೆ. ಆದರೆ ಅಷ್ಟು ದೂರ ಹೋಗಿ ಆ ನೆಲದ ಊಟ ತಿನ್ನದೆ ಬಂದರೆ ಅರ್ಧ ಊರನ್ನೇ ನೋಡಿದ ಹಾಗೆ ಅಲ್ವಾ? ಅಮ್ಮನಿಗೆ ಅಡುಗೆ ಅಂದರೆ ಪ್ರಾಣ, ಯಾವ ಊರಿಗೆ ಹೋದರೂ ಮೊದಲು ಸಂತೆ ನೋಡಬೇಕು ಅವಳಿಗೆ. ಗೊತ್ತಿದ್ದವರು ಬಿಡಿಸಿ ಹೇಳಿ.

ಕೊಡಚಾದ್ರಿ ಗಾಳಿ:

ನಾನು ಎರಡು ಸಲ ಹೋಗಿದ್ದೇನೆ, ಎರಡನೇ ಸಲ ಅತ್ತೆಯ ಜೊತೆ. ಅವರಿಗೆ ಆಗ 70. ಅದಕ್ಕೇ ಮೊದಲ ಮಾತು: ಆ ಪ್ಲಾನ್ ಬೇಡವೇ ಬೇಡ.

ಕುಸ್ಕೋ ಇರೋದು ಸುಮಾರು 3400 ಮೀಟರ್ ಎತ್ತರದಲ್ಲಿ, ಹೆಚ್ಚುಕಮ್ಮಿ ಲೇಹ್ ಇದ್ದ ಹಾಗೆ. ಲೀಮಾ ಸಮುದ್ರದ ದಂಡೆ. ಅಲ್ಲಿಂದ ಒಂದೂಕಾಲು ಗಂಟೆಯಲ್ಲಿ ನೀವು ಲೇಹ್‌ಗೆ ಬಂದು ಇಳಿದಂತೆ. ನಾನು ಮೊದಲ ಸಲ ಹೋದಾಗ ಇದೇ ತಪ್ಪು ಮಾಡಿದ್ದೆ. ಇಳಿದ ದಿನವೇ ಸಾಕ್ಸಾಯ್‌ವಾಮನ್ ಗುಡ್ಡ ಹತ್ತಿದೆ, ರಾತ್ರಿಯಿಡೀ ತಲೆ ಸಿಡಿತ, ವಾಂತಿ, ಕಣ್ಣು ಮುಚ್ಚಿದರೆ ಉಸಿರು ಸಾಲದೆ ಎಚ್ಚರ ಆಗೋದು. ನೂರು ಟನ್ನಿಗಿಂತ ಜಾಸ್ತಿ ತೂಗುವ ಕಲ್ಲುಗಳನ್ನು ಮೂರು ಸಾಲಾಗಿ ಅಂಕುಡೊಂಕು ಗೋಡೆ ಮಾಡಿ ನಿಲ್ಲಿಸಿದ ಜಾಗ ಅದು, ನನಗೆ ನೆನಪಿರೋದು ತಲೆನೋವು ಮಾತ್ರ.

ಎಲ್ಲರೂ ಗಮನಿಸದ ವಿಷಯ ಅಂದರೆ ಮಾಚು ಪಿಚು ಕುಸ್ಕೋಗಿಂತ ತಗ್ಗಿನಲ್ಲಿದೆ. 2430 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ಒಂದು 500 ಮೀಟರ್ ಜಾಸ್ತಿ, ಅಷ್ಟೇ. ಹಾಗಾಗಿ ಕೆಳಗಿಂದ ಶುರು ಮಾಡಿ. ಕುಸ್ಕೋದಲ್ಲಿ ವಿಮಾನ ಇಳಿದು, ಊರೊಳಗೆ ಹೋಗದೆ, ಸೀದಾ ಕಾರಿನಲ್ಲಿ ಒಯಾಂತಾಯ್‌ತಾಂಬೊಗೆ ಹೋಗಿ. ಸುಮಾರು ಎರಡು ಗಂಟೆ ದಾರಿ, ಊರಿನ ಎತ್ತರ 2800 ಮೀಟರ್. ಅಲ್ಲಿ ಮೂರು ರಾತ್ರಿ ಇರಿ. ಮೊದಲ ದಿನ ಏನೂ ನೋಡಬೇಡಿ, ಸುಮ್ನೆ ಕೂತು ಸೂಪು ಕುಡಿದು ಮಲಗಿ. ರೈಲು ಅಲ್ಲಿಂದಲೇ ಹೊರಡುತ್ತದೆ. ಮಾಚು ಪಿಚು ಮುಗಿಸಿ, ಮೈ ಒಗ್ಗಿದ ಮೇಲೆ ಕುಸ್ಕೋಗೆ ಹತ್ತಿ. ವಿನಿಕುಂಕಾ 5000 ಮೀಟರ್ ದಾಟುತ್ತದೆ, ಅಪ್ಪನವರಿಗೆ ಬೇಡ. ಬಿಪಿ ಇರುವುದರಿಂದ ಎತ್ತರಕ್ಕೆ ತೆಗೆದುಕೊಳ್ಳುವ ಮಾತ್ರೆ ಬೇಕೋ ಬೇಡವೋ ಅಂತ ಅವರ ಡಾಕ್ಟರನ್ನೇ ಕೇಳಿ. ಸುಸ್ತು, ತಲೆನೋವು ಕಡಿಮೆಯಾಗದೆ ಏರುತ್ತಲೇ ಹೋದರೆ ಕಾಯಬಾರದು, ಕೆಳಗಿನ ಊರಿಗೆ ಇಳಿದುಬಿಡಬೇಕು.

ಒಯಾಂತಾಯ್‌ತಾಂಬೊ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಜನ ಅದನ್ನು ರೈಲ್ವೆ ಸ್ಟೇಷನ್ ಅಂತ ಮಾತ್ರ ನೋಡುತ್ತಾರೆ. ಇಂಕಾ ಕಾಲದ ಬೀದಿಗಳಲ್ಲಿ ಇವತ್ತಿಗೂ ಜನ ಸಂಸಾರ ಮಾಡಿಕೊಂಡಿರುವ ಊರು ಅದು. ಗೋಡೆಯ ಕೆಳಗಿನ ಅರ್ಧ ಇಂಕಾ ಕಲ್ಲು, ಮೇಲಿನ ಅರ್ಧ ಮಣ್ಣಿನ ಇಟ್ಟಿಗೆ, ಅದರ ಮೇಲೆ ಹೆಂಚು. ಬೀದಿಯ ಪಕ್ಕದಲ್ಲಿ ಕಲ್ಲಿನ ಕಾಲುವೆ, ಬೆಟ್ಟದ ನೀರು ಅದರಲ್ಲಿ ಈಗಲೂ ಹರಿಯುತ್ತದೆ. ರಾತ್ರಿ ಕಿಟಕಿ ತೆಗೆದು ಮಲಗಿದರೆ ಅದೊಂದೇ ಸದ್ದು. ಅತ್ತೆ ಬೆಳಿಗ್ಗೆ ಎದ್ದು ಆ ನೀರಿನಲ್ಲಿ ಕೈ ಅದ್ದಿ ಸುಮಾರು ಹೊತ್ತು ಅಲ್ಲೇ ಕೂತಿದ್ದರು.

ಎದುರಿನ ಗುಡ್ಡದ ಮೇಲೆ ಆರು ದೊಡ್ಡ ಗುಲಾಬಿ ಬಣ್ಣದ ಕಲ್ಲುಗಳ ಗೋಡೆ ಇದೆ. ಮುಗಿಯದೆ ನಿಂತ ಗುಡಿ. ಆ ಕಲ್ಲಿನ ಗಣಿ ಹೊಳೆಯ ಆಚೆ ದಡದ ಬೆಟ್ಟದಲ್ಲಿದೆ. ಅಲ್ಲಿಂದ ಇಳಿಸಿ, ಹೊಳೆ ದಾಟಿಸಿ, ಮತ್ತೆ ಈ ಗುಡ್ಡ ಹತ್ತಿಸಿದ್ದಾರೆ. ದಾರಿಯಲ್ಲೇ ಬಿಟ್ಟುಹೋದ ಕಲ್ಲುಗಳು ಇನ್ನೂ ಬಿದ್ದಿವೆ, ಅವಕ್ಕೆ ಊರವರು ದಣಿದ ಕಲ್ಲುಗಳು ಅನ್ನುತ್ತಾರೆ. ದಂಡೆತ್ತಿ ಬಂದ ಸ್ಪೇನಿನವರ ಮೇಲೆ ಇಂಕಾ ದೊರೆ ಮಾಂಕೊ ಇಂಕಾ ಗೆದ್ದ ಕೆಲವೇ ಕಾಳಗಗಳಲ್ಲಿ ಒಂದು ನಡೆದಿದ್ದೂ ಇಲ್ಲೇ. ಕೆಳಗಿನ ಬಯಲಿಗೆ ಹೊಳೆ ನೀರು ಬಿಟ್ಟು ಕುದುರೆಗಳು ಕಾಲೂರದ ಹಾಗೆ ಮಾಡಿದರು. ಅಪ್ಪನವರನ್ನು ಆ ಮೇಲಿನ ಕಟ್ಟೆಯ ಮೇಲೆ ನಿಲ್ಲಿಸಿ, ಪಾಠ ಅವರೇ ಮಾಡಲಿ.

ಮಾಚು ಪಿಚು ಟಿಕೆಟ್ ಈಗಲೇ ತೆಗೆಯಿರಿ. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ, ಮೂರು ಸುತ್ತುದಾರಿಗಳಿವೆ. ಎಲ್ಲರ ಫೋಟೋದಲ್ಲಿರುವ ನೋಟ ಬೇಕು, ಒಳಗೂ ಸುತ್ತಬೇಕು ಅಂದರೆ 2ನೇ ದಾರಿ, ಮಂಡಿ ನೋವಿದ್ದರೆ 3ನೇದು, ಅದರಲ್ಲಿ ಹತ್ತುವುದು ಕಡಿಮೆ. ಟಾಯ್ಲೆಟ್ ಗೇಟಿನ ಹೊರಗೆ ಮಾತ್ರ, ಹೋಗಿಯೇ ಒಳಗೆ ಕಾಲಿಡಿ. ಪಾಸ್‌ಪೋರ್ಟ್ ಮರೆಯಬೇಡಿ. ರೈಲಿನಲ್ಲಿ ಚಿಕ್ಕ ಬ್ಯಾಗಿಗೆ ಮಾತ್ರ ಅವಕಾಶ, ಸೂಟ್‌ಕೇಸ್ ಹೋಟೆಲಿನಲ್ಲೇ ಬಿಡಿ.

ಒಳಗೆ ಹೋದ ಮೇಲೆ ಗೋಡೆಗಳಷ್ಟನ್ನೇ ನೋಡಬೇಡಿ, ನೀರನ್ನೂ ನೋಡಿ. ಅಷ್ಟು ಮಳೆ ಬೀಳುವ ಕಡಿದಾದ ಬೆಟ್ಟದ ಮೇಲೆ 1450ರ ಸುಮಾರಿಗೆ ಕಟ್ಟಿದ ಊರು ಇನ್ನೂ ಜಾರಿಲ್ಲ ಅಂದರೆ ಅದಕ್ಕೆ ಕಾರಣ ನೆಲದ ಅಡಿಯಲ್ಲಿದೆ. ಒಂದೊಂದು ಮೆಟ್ಟಿಲು ಗದ್ದೆಯ ತಳಕ್ಕೂ ದಪ್ಪ ಕಲ್ಲು, ಅದರ ಮೇಲೆ ಜಲ್ಲಿ, ಮರಳು, ಆಮೇಲೆ ಮಣ್ಣು. ಬಿದ್ದ ನೀರು ನಿಲ್ಲದೆ ಇಂಗಿ ಇಳಿದುಹೋಗುತ್ತದೆ. ಕುಡಿಯುವ ನೀರಿಗೆ ಬೇರೆ ಕಾಲುವೆ, ಸಾಲಾಗಿ 16 ಕಲ್ಲಿನ ತೊಟ್ಟಿಗಳು, ಒಂದರಿಂದ ಇನ್ನೊಂದಕ್ಕೆ ನೀರು ಬೀಳುತ್ತದೆ. ಮಲೆನಾಡಿನವರಿಗೆ ಇದು ಎಂಥ ಕೆಲಸ ಅಂತ ಬೇರೆ ಹೇಳಬೇಕಾಗಿಲ್ಲ.

ಲೀಮಾದಲ್ಲಿ ಎರಡು ವರ್ಷ:

ಎತ್ತರದ ಬಗ್ಗೆ ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಊಟದ ಬಗ್ಗೆ ಹೇಳುತ್ತೇನೆ.

ಮೊದಲ ತೊಂದರೆ ಭಾಷೆಯದ್ದು. 'ಕಾರ್ನೆ ಬೇಡ' ಅಂದರೆ ಅಲ್ಲಿ ಎಷ್ಟೋ ಜನ ದನದ ಮಾಂಸ ಬೇಡ ಅಂತ ತಿಳಿದು ಕೋಳಿ ತಂದಿಡುತ್ತಾರೆ. ಅವರು ಬೇಕಂತ ಮಾಡುವುದಲ್ಲ. ಹಾಗಾಗಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: 'ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೊ, ಸಿನ್ ವೇವೊ'. ಮಾಂಸ, ಕೋಳಿ, ಮೀನು, ಮೊಟ್ಟೆ ಯಾವುದೂ ಬೇಡ ಅಂತ. ಎರಡನೇ ತೊಂದರೆ ಸೂಪು. ಕಿನೋವಾ ಅನ್ನೋ ಕಾಳಿನ ಸೂಪು ನೋಡೋಕೆ ಬರೀ ತರಕಾರಿ ಸೂಪೇ, ಆದರೆ ಕುದಿಸಿದ್ದು ಕೋಳಿ ಸಾರಿನಲ್ಲಿ ಇರಬಹುದು. ನನಗೇ ಒಂದು ಹೋಟೆಲಿನಲ್ಲಿ ಹೀಗಾಯಿತು. ನಾಲ್ಕು ಚಮಚ ಕುಡಿದ ಮೇಲೆ ತಳದಲ್ಲಿ ಮೂಳೆ ಸಿಕ್ಕಿತು. ಅವತ್ತಿಡೀ ಮತ್ತೇನೂ ತಿನ್ನಲಾಗಲಿಲ್ಲ. 'ಕಾಲ್ದೊ ದೆ ಪೊಯೊ' ಹಾಕಿದ್ದೀರಾ ಅಂತ ಪ್ರತಿ ಸಲ ಕೇಳಿ, ಸಂಕೋಚ ಬೇಡ.

ಇನ್ನು ಸಿಗುವುದು ಏನು ಅಂದರೆ, ತುಂಬಾ ಇದೆ. ಚೋಕ್ಲೊ ಕೋನ್ ಕೇಸೊ: ಬೇಯಿಸಿದ ಜೋಳದ ತೆನೆ, ಪಕ್ಕದಲ್ಲಿ ಒಂದು ತುಂಡು ಹಸಿ ಚೀಸು. ಮೆಕ್ಕೆಜೋಳವೇ, ಆದರೆ ನಮ್ಮದರ ಹಾಗಲ್ಲ. ಕಾಳು ಹೆಬ್ಬೆರಳಿನ ಉಗುರಿನಷ್ಟು ದೊಡ್ಡದು, ಬಿಳಿ, ಸಿಹಿ ಕಡಿಮೆ, ಅಗಿದರೆ ಹಿಟ್ಟು ಹಿಟ್ಟು. ಒಂದೊಂದೇ ಕಾಳು ಬಿಡಿಸಿ ಚೀಸಿನ ಚೂರಿನ ಜೊತೆ ಬಾಯಿಗೆ ಹಾಕಬೇಕು. ಪವಿತ್ರ ಕಣಿವೆ ಅಂತ ಕರೆಯುವ ಆ ಹೊಳೆ ಬಯಲಿನದ್ದೇ ಚೆನ್ನ. ಪಾಪಾ ಆ ಲಾ ವಾಂಕಾಯಿನಾ: ಬೇಯಿಸಿದ ಆಲೂಗಡ್ಡೆ ಮೇಲೆ ಹಳದಿ ಮೆಣಸಿನಕಾಯಿ, ಚೀಸು, ಹಾಲು, ಬಿಸ್ಕತ್ತು ಸೇರಿಸಿ ರುಬ್ಬಿದ ಗಟ್ಟಿ ಸಾಸು. ಮೇಲೆ ಬೇಯಿಸಿದ ಮೊಟ್ಟೆ ಇಡುತ್ತಾರೆ, ಬೇಡ ಅಂತ ಮೊದಲೇ ಹೇಳಿ. ಸೊಲ್ತೆರೀತೊ ಅಂತ ಅರೆಕಿಪಾ ಕಡೆಯ ಕೋಸಂಬರಿ, ಅವರೆಯಂಥ ದಪ್ಪ ಕಾಳು, ಜೋಳ, ಚೀಸು, ಈರುಳ್ಳಿ ಹಾಕಿದ್ದು. ಉಮೀತಾ ಅಂದರೆ ಹಸಿ ಜೋಳ ರುಬ್ಬಿ ಅದರ ಸಿಪ್ಪೆಯಲ್ಲೇ ಕಟ್ಟಿ ಬೇಯಿಸಿದ ಕಡುಬು. ಅಮ್ಮನವರಿಗೆ ಹಿಡಿಸುತ್ತದೆ ಅಂತ ಬರೆದು ಕೊಡುತ್ತೇನೆ, ಆದರೆ 'ಮಾಂತೆಕಾ' ಅಂದರೆ ಹಂದಿ ಕೊಬ್ಬು, ಅದು ಹಾಕಿಲ್ಲ ಅಂತ ಕೇಳಿ ತೆಗೆದುಕೊಳ್ಳಿ. ಕುಡಿಯಲು ಚಿಚಾ ಮೊರಾದಾ, ನೇರಳೆ ಜೋಳವನ್ನು ಅನಾನಸ್ ಸಿಪ್ಪೆ, ಚಕ್ಕೆ, ಲವಂಗದ ಜೊತೆ ಕುದಿಸಿ ಸೋಸಿದ ಪಾನಕ. ಅದರಲ್ಲಿ ಅಮಲಿಲ್ಲ.

ಅನ್ನ ಬೇಕು ಅನಿಸಿದರೆ 'ಚೀಫಾ' ಬೋರ್ಡು ಹುಡುಕಿ. 19ನೇ ಶತಮಾನದಲ್ಲಿ ಕೂಲಿಗೆ ಬಂದ ಚೀನೀಯರ ಅಡುಗೆ ಅದು, ಈಗ ಪೆರುವಿನದ್ದೇ ಆಗಿಹೋಗಿದೆ. ತರಕಾರಿ ಚೌಫಾ, ಅಂದರೆ ಹುರಿದ ಅನ್ನ, ಮೊಟ್ಟೆ ಇಲ್ಲದೆ ಅಂದರೆ ಮಾಡಿಕೊಡುತ್ತಾರೆ. ನಿಮ್ಮವರಿಗೆ ಲೀಮಾದಲ್ಲಿ ಸೆವೀಚೆ ಮಧ್ಯಾಹ್ನವೇ ತಿನ್ನಿಸಿ. ಬೆಳಗಿನ ಮೀನಿಗೆ ನಿಂಬೆರಸ, ಈರುಳ್ಳಿ, ಮೆಣಸಿನಕಾಯಿ ಹಾಕಿ ತಕ್ಷಣ ಕೊಡುವ ಅಡುಗೆ, ಅದಕ್ಕೇ ಒಳ್ಳೆ ಅಂಗಡಿಗಳು ಸಂಜೆಗೆ ಮುಚ್ಚಿಬಿಡುತ್ತವೆ. ಬೆಟ್ಟದ ಮೇಲೆ ಮೀನು ಬೇಕಾದರೆ ಟ್ರೌಟ್ ತಿನ್ನಲಿ.

ಕುಸ್ಕೋದ ಸಾನ್ ಪೆದ್ರೊ ಮಾರ್ಕೆಟ್ಟಿಗೆ ಅಮ್ಮನವರನ್ನು ಬೆಳಿಗ್ಗೆಯೇ ಕರೆದುಕೊಂಡು ಹೋಗಿ. ಮಾಂಸದ ಸಾಲು ಬಿಟ್ಟು ಹಣ್ಣಿನ ರಸದ ಸಾಲಿಗೆ ಹೋಗಿ. ಲೋಟ ಖಾಲಿ ಮಾಡಿ 'ಯಾಪಾ' ಅನ್ನಿ. ಮಿಕ್ಸಿಯಲ್ಲಿ ಉಳಿದದ್ದನ್ನು ಮತ್ತೆ ಲೋಟಕ್ಕೆ ಸುರಿಯುತ್ತಾರೆ. ಯಾಪಾ ಅಂದರೆ ಕೊಸರು. ಅಲ್ಲಿನ ಬೆಟ್ಟದ ಜನರ ಕೆಚುವಾ ಭಾಷೆಯ ಮಾತು. ಮೊದಲ ಸಲ ಕೇಳಿದಾಗ ನನಗೆ ಕಣ್ಣಲ್ಲಿ ನೀರು ಬಂತು. ನಮ್ಮಜ್ಜಿ ಸಂತೆಯಲ್ಲಿ ಕೊಸರು ಹಾಕಿಸಿಕೊಳ್ಳದೆ ಚೀಲ ಎತ್ತುತ್ತಿರಲಿಲ್ಲ.

ಹಾಸನದ ಹೊಲ:

ಅಕ್ಕ, ನಾನು ಆಲೂಗಡ್ಡೆ ಬಗ್ಗೆ ಮಾತ್ರ ಹೇಳುತ್ತೇನೆ. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಆಲೂಗಡ್ಡೆ ಹಾಕುತ್ತಿದ್ದೇವೆ. ಬಿತ್ತನೆ ಗಡ್ಡೆ ಜಲಂಧರ್‌ನಿಂದ ಬರುತ್ತದೆ. ಊರಿಗೆಲ್ಲ ಒಂದೇ ತಳಿ, ಕುಫ್ರಿ ಜ್ಯೋತಿ. ಮೋಡ ಕವಿದು ಜಡಿಮಳೆ ಹಿಡಿದರೆ ಅಂಗಮಾರಿ ರೋಗ ಬಂದು, ಸೋಮವಾರ ಹಸಿರಾಗಿದ್ದ ಹೊಲ ಮುಂದಿನ ಸೋಮವಾರಕ್ಕೆ ಕಪ್ಪಾಗಿರೋದನ್ನು ಕಣ್ಣಾರೆ ನೋಡಿದ್ದೇನೆ. ಕೆಲಸದ ಮೇಲೆ ಲೀಮಾಗೆ ಹೋದಾಗ ನಾಲ್ಕು ದಿನ ರಜೆ ಹಾಕಿ ಪವಿತ್ರ ಕಣಿವೆಯ ಪಿಸಾಕ್ ಊರಿನ ಮೇಲಿನ ಆಲೂಗಡ್ಡೆ ಹಳ್ಳಿಗಳಿಗೆ ಹೋಗಿದ್ದು ಇದೇ ಕಾರಣಕ್ಕೆ.

ಪೆರುವಿನಲ್ಲಿ 3000ಕ್ಕೂ ಜಾಸ್ತಿ ತಳಿಗಳಿವೆ. ಪಿಸಾಕ್ ಮೇಲೆ ಪಾರ್ಕೆ ದೆ ಲಾ ಪಾಪಾ, ಅಂದರೆ ಆಲೂಗಡ್ಡೆ ಪಾರ್ಕು ಅಂತ ಇದೆ, ಕೆಲವು ಕೆಚುವಾ ಹಳ್ಳಿಗಳು ಸೇರಿ ಸಾವಿರಕ್ಕೂ ಹೆಚ್ಚು ತಳಿ ಉಳಿಸಿಕೊಂಡಿವೆ. ಲೀಮಾದಲ್ಲಿ 1971ರಿಂದ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರ ಇದೆ. ಹಳ್ಳಿಗಳಲ್ಲಿ ಕಳೆದುಹೋಗಿದ್ದ 400ಕ್ಕೂ ಹೆಚ್ಚು ತಳಿಗಳನ್ನು 2004ರ ಒಪ್ಪಂದದಲ್ಲಿ ಆ ಕೇಂದ್ರವೇ ಈ ಜನಕ್ಕೆ ವಾಪಸ್ ಕೊಟ್ಟಿತು. ಅಲ್ಲಿ ಒಂದೇ ತುಂಡು ಹೊಲದಲ್ಲಿ ಹತ್ತಾರು ತಳಿ ಬೆರೆಸಿ ಹಾಕುತ್ತಾರೆ. ಒಂದಕ್ಕೆ ರೋಗ ಬಂದರೆ ಇನ್ನೊಂದು ಉಳಿಯುತ್ತದೆ, ಒಂದು ಹಿಮಕ್ಕೆ ಸುಟ್ಟರೆ ಮತ್ತೊಂದು ತಡೆಯುತ್ತದೆ. ಬುಟ್ಟಿ ಸುರಿದಾಗ ನೋಡಬೇಕು. ಕಪ್ಪು, ಕೆಂಪು, ನೇರಳೆ, ಕತ್ತರಿಸಿದರೆ ಒಳಗೆ ಬಿಳಿ ಹಳದಿ ಉಂಗುರ. ಒಂದು ತಳಿ ಮೈಯೆಲ್ಲ ಗಂಟು ಗಂಟು, ಸಿಪ್ಪೆ ತೆಗೆಯಲು ಆಗುವುದೇ ಇಲ್ಲ. ಅದರ ಕೆಚುವಾ ಹೆಸರಿನ ಅರ್ಥ 'ಸೊಸೆಯನ್ನು ಅಳಿಸುವುದು'. ಮದುವೆಯಾಗಿ ಬರುವ ಹುಡುಗಿಯ ಕೈಗೆ ಅದನ್ನು ಕೊಟ್ಟು ಸಿಪ್ಪೆ ತೆಗೆಸುತ್ತಿದ್ದರಂತೆ.

ನೀವು ಹೋಗುವುದು ಮೇ ಕೊನೆ, ಕೊಯ್ಲಿನ ಕಾಲ. ಹುವಾತಿಯಾ ಎಲ್ಲಿ ಸಿಗುತ್ತದೆ ಅಂತ ಕೇಳಿ ತಿನ್ನಿ. ಕಿತ್ತ ಹೊಲದಲ್ಲೇ ಒಣ ಮಣ್ಣಿನ ಹೆಂಟೆಗಳನ್ನು ಗೂಡಿನ ಹಾಗೆ ಜೋಡಿಸುತ್ತಾರೆ, ಮೊಣಕಾಲೆತ್ತರ. ಒಳಗೆ ಬೆಂಕಿ. ಹೆಂಟೆ ಕೆಂಪಗೆ ಕಾದ ಮೇಲೆ ಆಲೂಗಡ್ಡೆ ಒಳಗೆ ಹಾಕಿ ಗೂಡನ್ನೇ ಅದರ ಮೇಲೆ ಕುಸಿದು ಬೀಳಿಸಿ, ಮಣ್ಣು ಮುಚ್ಚಿ ಬಿಡುತ್ತಾರೆ. ಆಮೇಲೆ ಗುದ್ದಲಿಯಲ್ಲಿ ಮೆಲ್ಲಗೆ ಕೆದಕಿ ತೆಗೆದರೆ ಸಿಪ್ಪೆ ತಾನೇ ಬಿರಿದಿರುತ್ತದೆ, ಒಳಗೆ ಹಿಟ್ಟಿನಂತೆ ಉದುರು ಉದುರು, ಸುಟ್ಟ ಮಣ್ಣಿನ ವಾಸನೆ. ಜೊತೆಗೆ ಉಚುಕುತಾ. ಉಚು ಅಂದರೆ ಮೆಣಸಿನಕಾಯಿ, ಕುತಾ ಅಂದರೆ ಅರೆದದ್ದು. ರೊಕೋತೊ ಮೆಣಸಿನಕಾಯಿ, ವಾಕತಾಯ್ ಸೊಪ್ಪು, ಕೆಲವರು ಕಡಲೆಕಾಯಿಯನ್ನೂ ಹಾಕಿ ಚಪ್ಪಟೆ ಕಲ್ಲಿನ ಮೇಲೆ ಅರ್ಧಚಂದ್ರದಂಥ ದಪ್ಪ ಕಲ್ಲನ್ನು ಅತ್ತಿತ್ತ ಉರುಳಿಸಿ ಅರೆಯುತ್ತಾರೆ. ಆ ಸೊಪ್ಪು ಚೆಂಡುಹೂವಿನ ಜಾತಿಯದ್ದು, ಪುದೀನಾ ಜೊತೆ ಚೆಂಡುಹೂ ಹಿಚುಕಿದಂಥ ಘಮ. ಮೆಣಸಿನಕಾಯಿ, ಆಲೂಗಡ್ಡೆ, ಕಡಲೆಕಾಯಿ ಮೂರೂ ಆ ಖಂಡದಿಂದಲೇ ನಮಗೆ ಬಂದದ್ದು. ಅಮ್ಮನವರಿಗೆ ಅಲ್ಲಿ ಕೂತಾಗ ಹೇಳಿ.

ಶಿರಸಿ ಮಗಳು:

ಓದಿ ಓದಿ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಸೊಸೆ ಅಳಿಸುವ ಗಡ್ಡೆ ಕೇಳಿ ಅವಳು ನಕ್ಕೂ ನಕ್ಕೂ ಸಾಕಾಯಿತು. ಏಜೆಂಟ್ ಪ್ಲಾನ್ ಬಿಟ್ಟೆವು. ಒಯಾಂತಾಯ್‌ತಾಂಬೊದಲ್ಲಿ ಮೂರು ರಾತ್ರಿಗೆ ರೂಮು ಹಿಡಿದಾಯಿತು, ಕಾಲುವೆ ಪಕ್ಕದ್ದೇ. ಇನ್ನು ಮೂರು ಪ್ರಶ್ನೆ. ಅಪ್ಪ ಅಮ್ಮನ ಹತ್ತಿರ ಅಮೆರಿಕದ ವೀಸಾ ಇದೆ, ಪೆರುವಿಗೆ ಬೇರೆ ಬೇಕಾ? ಹಳದಿ ಜ್ವರದ ಲಸಿಕೆ ಅಂತಾರಲ್ಲ, ಅದು? ಕೋಕಾ ಎಲೆ ಟೀ ಕುಡಿಸಬಹುದಾ? ಮತ್ತೆ ಅಪ್ಪನ ಕಡೆಯಿಂದ ಒಂದು: ಆ ನೇರಳೆ ಆಲೂಗಡ್ಡೆ ಎರಡು ತಂದು ಶಿರಸಿ ಹಿತ್ತಲಲ್ಲಿ ನೆಡಬಹುದಾ ಅಂತ ಕೇಳುತ್ತಿದ್ದಾರೆ.

ಲೀಮಾದಲ್ಲಿ ಎರಡು ವರ್ಷ:

ಅಮೆರಿಕದ ವೀಸಾಕ್ಕೆ ಇನ್ನೂ ಆರು ತಿಂಗಳು ಅವಧಿ ಇದ್ದರೆ ಭಾರತದ ಪಾಸ್‌ಪೋರ್ಟಿನವರಿಗೆ ಪೆರು ವೀಸಾ ಬೇಡ. 2017ರಿಂದ ಹೀಗಿದೆ. ಹೊರಡುವ ಮೊದಲು ಅವರ ಕಾನ್ಸುಲೇಟಿನಲ್ಲಿ ಒಮ್ಮೆ ಕೇಳಿಬಿಡಿ.

ಹಳದಿ ಜ್ವರ ಮುಖ್ಯ ವಿಷಯ. ಪೆರು ಬಿಟ್ಟು 6 ದಿನದೊಳಗೆ ಭಾರತದಲ್ಲಿ ಇಳಿದರೆ ಲಸಿಕೆ ಚೀಟಿ ಕೇಳುತ್ತಾರೆ, ಇಲ್ಲದಿದ್ದರೆ ಹಿಡಿದು ಬೇರೆ ಇಡುತ್ತಾರೆ. ಅಪ್ಪ ಅಮ್ಮ ವಾಪಸ್ ನ್ಯೂಜೆರ್ಸಿಗೆ ಬಂದು ಒಂದಷ್ಟು ದಿನ ಇದ್ದು ಹೋದರೆ ಈ ತಾಪತ್ರಯ ಇಲ್ಲ. 60 ದಾಟಿದವರಿಗೆ ಆ ಲಸಿಕೆ ಹಾಕುವ ಮೊದಲು ಡಾಕ್ಟರ್ ನೋಡಿಯೇ ಹೇಳಬೇಕು, ಸುಮ್ನೆ ಹಾಕಿಸಬೇಡಿ. ನಿಮ್ಮ ದಾರಿಯಲ್ಲಿ ಅಮೆಜಾನ್ ಕಾಡು ಇಲ್ಲ, ಅದನ್ನೂ ಅವರಿಗೆ ಹೇಳಿ.

ಕೋಕಾ ಟೀ ಅಲ್ಲಿ ಎಲ್ಲ ಹೋಟೆಲಿನಲ್ಲೂ ಇಟ್ಟಿರುತ್ತಾರೆ, ಕಾನೂನಿನ ತೊಂದರೆ ಅಲ್ಲಿಲ್ಲ. ಆದರೆ ಎಲೆಯಾಗಲಿ ಟೀ ಪ್ಯಾಕೆಟ್ಟಾಗಲಿ ಒಂದನ್ನೂ ಬ್ಯಾಗಿನಲ್ಲಿ ತರಬೇಡಿ. ಅಮೆರಿಕದಲ್ಲೂ ತಪ್ಪು, ಭಾರತದಲ್ಲೂ ತಪ್ಪು. ಆಫೀಸಿನಲ್ಲಿ ಡ್ರಗ್ ಟೆಸ್ಟ್ ಇದ್ದರೆ ನೀವಿಬ್ಬರೂ ಕುಡಿಯಲೇಬೇಡಿ. ಬಿಪಿ ಇರುವ ಅಪ್ಪನವರಿಗೆ ನಾನಾದರೆ ಮುನ್ಯಾ ಸೊಪ್ಪಿನ ಕಷಾಯ ಕೊಡುತ್ತೇನೆ, ಪುದೀನಾ ತರಹದ್ದು, ಹೊಟ್ಟೆಗೂ ಹಿತ.

ಚರಗ:

ನಾನು ವಿಜಯಪುರದ ಕಡೆಯವನು. ಒಂದೇ ಮಾತು ಸೇರಿಸುತ್ತೇನೆ. ಕಣಿವೆಯ ಹಳ್ಳಿಗಳಲ್ಲಿ ಮನೆ ಮುಂದೆ ಉದ್ದ ಕೋಲಿಗೆ ಕೆಂಪು ಪ್ಲಾಸ್ಟಿಕ್ ಕಟ್ಟಿದ್ದರೆ ಒಳಗೆ ಚಿಚಾ ಸಿಗುತ್ತದೆ ಅಂತ ಅರ್ಥ. ಮೊಳಕೆ ಬರಿಸಿದ ಜೋಳದ ಹುಳಿ ಪಾನೀಯ, ಇದರಲ್ಲಿ ಅಮಲು ಇದೆ, ನೇರಳೆಯದ್ದರ ಹಾಗಲ್ಲ. ನಿಮ್ಮ ಮನೆಯವರು ಕುಡಿಯದಿದ್ದರೂ ಒಳಗೆ ಹೋಗಿ ಕೂತು ನೋಡಿ. ನಾನು ಕೂತಿದ್ದಾಗ ಒಬ್ಬ ಮುದುಕ ಬಂದ. ಲೋಟ ಕೈಗೆ ಬಂದ ತಕ್ಷಣ ಕುಡಿಯಲಿಲ್ಲ, ಬಾಗಿ ಮೊದಲ ಗುಟುಕನ್ನು ನೆಲಕ್ಕೆ ಚೆಲ್ಲಿದ. ಪಾಚಮಾಮಾಗೆ, ಅಂದರೆ ಭೂಮಿತಾಯಿಗೆ. ನಮ್ಮಲ್ಲಿ ಎಳ್ಳ ಅಮಾವಾಸ್ಯೆ ದಿನ ಹೊಲಕ್ಕೆ ಬುತ್ತಿ ಒಯ್ದು ಚರಗ ಚೆಲ್ಲಿ ಆಮೇಲೆ ತಾನೇ ಊಟಕ್ಕೆ ಕೂರುವುದು? ನನಗೆ ಕೆಚುವಾ ಬರುವುದಿಲ್ಲ, ಅವನಿಗೆ ಕನ್ನಡ ಬರುವುದಿಲ್ಲ. ನಾನೂ ನನ್ನ ಲೋಟದಿಂದ ಸ್ವಲ್ಪ ಚೆಲ್ಲಿದೆ. ಅವನು ಪಕ್ಕಕ್ಕೆ ಸರಿದು ಬೆಂಚಿನಲ್ಲಿ ಜಾಗ ಮಾಡಿಕೊಟ್ಟ.

ಹಾಸನದ ಹೊಲ:

ಅಪ್ಪನವರ ಪ್ರಶ್ನೆಗೆ ನಾನು ಉತ್ತರ ಕೊಡಬೇಕು. ತರಬೇಡಿ. ಒಂದು ಚಿಕ್ಕ ಗಡ್ಡೆಯನ್ನೂ ತರಬೇಡಿ. ಅನುಮತಿ ಇಲ್ಲದೆ ಬಿತ್ತನೆ ಗಡ್ಡೆ ತರುವುದು ಕಾನೂನಿಗೂ ವಿರುದ್ಧ, ಆದರೆ ನಾನು ಹೇಳುತ್ತಿರುವುದು ಅದಕ್ಕಲ್ಲ. ಗಡ್ಡೆಯ ಮೈಯಲ್ಲಿ, ಅದಕ್ಕೆ ಅಂಟಿದ ಮಣ್ಣಿನಲ್ಲಿ ನಮ್ಮ ಕಡೆ ಇಲ್ಲದ ರೋಗ ಬಂದರೆ ಶಿರಸಿ ಹಿತ್ತಲಲ್ಲೇ ಅದು ನಿಲ್ಲುವುದಿಲ್ಲ. ಅಂಗಮಾರಿ ಒಂದನ್ನೇ ತಡೆಯಲಾಗದೆ ನಮ್ಮೂರಲ್ಲಿ ಎಷ್ಟು ಜನ ಆಲೂಗಡ್ಡೆ ಬಿಟ್ಟು ಜೋಳ, ಶುಂಠಿಗೆ ಹೋದರು ಅಂತ ನನಗೆ ಗೊತ್ತು.

ಅದರ ಬದಲು ಒಂದು ನೋಟ್‌ಬುಕ್ ಕೊಡಿ ಅವರಿಗೆ. ಅಲ್ಲಿನ ಹೆಂಗಸರು ಒಂದೊಂದು ಗಡ್ಡೆ ಎತ್ತಿ ಹೆಸರು ಹೇಳುತ್ತಾರೆ. ಪೂಮಾದ ಪಂಜ, ಸೊಸೆ ಅಳಿಸುವುದು, ಹೀಗೇ. ಅಪ್ಪನವರು ಹೆಸರು, ಬಣ್ಣ, ರುಚಿ ಬರೆದುಕೊಂಡು ಬರಲಿ. ಬಂದ ಮೇಲೆ ಇಲ್ಲಿ ಹಾಕಿ ಅಕ್ಕ, ನಮ್ಮಪ್ಪನಿಗೆ ಓದಿ ಹೇಳುತ್ತೇನೆ.